ಹನ್ನೆರಡನೆಯ ರೀಲು

ನಮ್ಮದು ಓಲೆಗರಿ ಹೊದಿಸಿದ ಟೆಂಟು.
ಗಂಡಸರಿಗೆ ಎಡ, ಹೆಂಗಸರಿಗೆ ಬಲ,
ನಡುವೆ ಸೊಂಟದೆತ್ತರದ ಮಣ್ಣುಗೋಡೆ.
ಮರಳನ್ನು ಗುಡ್ಡೆ ಮಾಡಿ ಕೂತರೆ ಅದೇ ಕುರ್ಚಿ,
ಹಿಂದಿನವನು ಬೈದರೆ ಕುರ್ಚಿ ಚಪ್ಪಟೆ.

ನಾನು ಆಪರೇಟರ್ ಸಂಗಿಲಿ.
ಎರಡು ಊರಿಗೆ ಒಂದೇ ಪ್ರಿಂಟು ಆಗ.
ಸಾತ್ತೂರಿನಲ್ಲಿ ಒಂದೊಂದು ರೀಲು ಮುಗಿದಂತೆ
ತಗಡಿನ ಡಬ್ಬಿಯೊಳಗೆ ಕೂತು ವೈಪ್ಪಾರು ದಾಟಿ ಬರಬೇಕು,
ವೆಯಿಲುಮುತ್ತುವಿನ ಸೈಕಲ್ಲಿನ ಮೇಲೆ.
ಸಿನಿಮಾ ಓಡಿಸುತ್ತಿದ್ದದ್ದು ಅವನ ತೊಡೆ,
ನಾನು ಬರೀ ಬೆಳಕು ಬಿಡುವವನು.

ಕಥೆ ನಿಮಗೂ ಗೊತ್ತಿರಬಹುದು, ಅಂಥವು ಬಹಳ ಬರುತ್ತಿದ್ದವು:
ತಮ್ಮ ಕೊಲ್ಲುತ್ತಾನೆ,
ಅಣ್ಣ ಮಚ್ಚು ಕಸಿದು ತನ್ನ ಪಂಚೆಗೆ ಒರೆಸಿಕೊಳ್ಳುತ್ತಾನೆ,
ಪೊಲೀಸರು ಪಂಚೆಯನ್ನು ನಂಬುತ್ತಾರೆ.
ಹನ್ನೆರಡನೆಯ ರೀಲಿನಲ್ಲಿ ತಾಯಿ ಕಟಕಟೆ ಹತ್ತುತ್ತಾಳೆ.
ಆಗ ಬಲಗಡೆಯಿಂದ ಮೂಗು ಸೀಟುವ ಸದ್ದು,
ಎಡಗಡೆಯಿಂದ ಕೆಮ್ಮು. ಗಂಡಸರು ಅಳುವುದು ಹಾಗೆ.

ಪೇಚ್ಚಿಯಮ್ಮಾಳ್ ಹನ್ನೊಂದು ದಿನ ಬಂದಳು.
ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಕಡ್ಡಿ ಜೋಡಿಸುವ ಕೆಲಸ,
ಚೌಕಟ್ಟಿಗೆ ಇಷ್ಟು ಅಂತ ಕೂಲಿ, ಅದರಲ್ಲಿ ನೆಲದ ಟಿಕೆಟ್ಟು ನಾಲ್ಕಾಣೆ.
ಹನ್ನೊಂದನೆಯ ರೀಲು ಮುಗಿದೊಡನೆ
ಸೆರಗಿನ ಮರಳು ಕೊಡವಿ ಎದ್ದು ಹೋಗುವಳು.
ಅವಳ ಹಿರಿಮಗ ಇರುಳಪ್ಪನ್ ಪಾಳೆಯಂಕೋಟ್ಟೈ ಜೈಲಿನಲ್ಲಿ,
ಬಾವಿಕಟ್ಟೆಯಲ್ಲಿ ಬಿದ್ದ ಬಡ್ಡಿ ವಸೂಲಿಗಾರನ ಲೆಕ್ಕ ಅವನ ತಲೆಗೆ.
ಊರು ಬಾಯಿ ಬಿಡಲಿಲ್ಲ. ಊರಿಗೆ ಗೊತ್ತಿತ್ತು.
ಕಿರಿಮಗ,
ಹೇಳಿದೆನಲ್ಲ, ಸೈಕಲ್ಲು.

ಹನ್ನೆರಡನೆಯ ದಿನ ಹನ್ನೆರಡನೆಯ ರೀಲು ಬರಲಿಲ್ಲ.
ಪಂಕ್ಚರೋ, ಹೊಳೆಯ ಉಸುಕಿನಲ್ಲಿ ಚಕ್ರ ಹೂತಿತೋ.
ಕಾರ್ಬನ್ ಕಡ್ಡಿ ಆರಿಸಲು ಮನಸ್ಸಾಗದೆ ಹಾಗೇ ಬಿಟ್ಟೆ.
ಪರದೆಯ ತುಂಬ ಬರೀ ಬಿಳಿ,
ಹುಳಗಳ ನೆರಳು, ಮೂಲೆಯಲ್ಲಿ ಎರಡು ತೇಪೆ.
ಜನ ಶಿಳ್ಳೆ ಹಾಕಿದರು.
ಸೌತೆಕಾಯಿ ಮಾರುವವನು ಇದೇ ಹೊತ್ತೆಂದು ಒಳಗೆ ನುಗ್ಗಿದ.

ಅವಳು ಎದ್ದಳು. ಹೊರಗೆ ಹೋಗಲಿಲ್ಲ.
ಎರಡೂ ಕೈಯಲ್ಲಿ ಮಣ್ಣುಗೋಡೆ ಹಿಡಿದು ನಿಂತಳು.
"ಸಾಮೀ," ಅಂದಳು, ಯಾರಿಗೋ.
"ಮಚ್ಚು ದೊಡ್ಡವನದ್ದು. ಕೈ ಅವನದ್ದಲ್ಲ.
ಅವತ್ತು ರಾತ್ರಿ ಎರಡು ಅಂಗಿ ಒಗೆದೆ ನಾನು,
ದೊಡ್ಡವನದ್ದರಲ್ಲಿ ಇದ್ದದ್ದು ಬೆವರು.
ಕೋರ್ಟಿನಲ್ಲಿ ಕೇಳಿದರು, ಕಣ್ಣು ಮಂಜು ಅಂದೆ.
ಮಂಜಿಲ್ಲ ಸಾಮೀ. ದಿನವಿಡೀ ಕಡ್ಡಿ ಜೋಡಿಸ್ತೀನಿ,
ಒಂದೊಂದರ ಮೂತಿಯೂ ಕಾಣ್ತದೆ."

ಸೌತೆಕಾಯಿಯವನ ಕೈಯಲ್ಲಿ ಚಾಕು, ಅರ್ಧ ಸೀಳಿದ ಕಾಯಿ.
ನಾನು ಕಿಂಡಿಯಿಂದ ಬಾಗಿಲ ಕಡೆ ನೋಡಿದೆ:
ಡಬ್ಬಿಯನ್ನು ಎದೆಗವಚಿಕೊಂಡು ವೆಯಿಲುಮುತ್ತು,
ಎಷ್ಟು ಹೊತ್ತಿನಿಂದಲೋ,
ಒಂದು ಕಾಲು ಇನ್ನೂ ಪೆಡಲು ತುಳಿಯುವಂತೆ ನಡುಗುತ್ತಿತ್ತು.

ತಾಯಿಯ ಪಕ್ಕದಲ್ಲೇ ಹಾದು ಬಂದು ನನಗೆ ರೀಲು ಕೊಟ್ಟ.
"ಸಾತ್ತೂರಿನವರು ತಿರುಗಿ ಸುತ್ತಿಲ್ಲ ಅಣ್ಣಾಚ್ಚಿ,
ನೀವೇ ಸುತ್ತಿಕೊಳ್ಳಿ," ಅಂದ.
ಅಷ್ಟೇ. ಬೇರೆ ಮಾತು ಅವನ ಬಾಯಿಂದ ನಾನು ಕೇಳಿಲ್ಲ.

ಸುತ್ತಿದೆ. ಬೆರಳ ಕೆಳಗೆ ಎಲ್ಲ ಉಲ್ಟಾ ಓಡಿತು:
ತಾಯಿ ಮಾತನ್ನು ಒಂದೊಂದಾಗಿ ನುಂಗಿ
ಹಿಂದೆ ಹಿಂದೆ ಕಟಕಟೆ ಇಳಿದಳು,
ಅಣ್ಣನ ಕೈಯ ಕೋಳ ಬಿಚ್ಚಿಕೊಂಡಿತು.
ಆಮೇಲೆ ಯಂತ್ರಕ್ಕೆ ಹಾಕಿ ನೆಟ್ಟಗೆ ಬಿಟ್ಟೆ.
ಪರದೆಯ ತಾಯಿ ಸತ್ಯ ಹೇಳಿದಳು, ಪಿಟೀಲಿನ ಸಮೇತ, ನಾಲ್ಕು ನಿಮಿಷ.
ಆ ರಾತ್ರಿ ಯಾರೂ ಕೆಮ್ಮಲಿಲ್ಲ.
ಪೇಚ್ಚಿಯಮ್ಮಾಳ್ ಕೂತು ಕೊನೆಯತನಕ ನೋಡಿದಳು,
ಪರೀಕ್ಷೆ ಬರೆದವಳು ಪಕ್ಕದವಳ ಉತ್ತರ ನೋಡುವ ಹಾಗೆ.

ಅವನು ಠಾಣೆಗೆ ನಡೆದ ಅನ್ನುವವರಿದ್ದಾರೆ.
ಧನುಷ್ಕೋಡಿಯ ರೈಲು ಹಿಡಿದ ಅನ್ನುವವರೂ.
ನನಗೆ ಗೊತ್ತಿರುವುದು ಇಷ್ಟು:
ಮರುದಿನ ಅದೇ ಸೈಕಲ್ಲಿನಲ್ಲಿ ಬೇರೆ ಹುಡುಗ ರೀಲು ತಂದ.
ಸೀಟು ತಗ್ಗಿಸಿದ್ದರು.